ಚಾಸಿ ನಂಬರ್ ನೋಡಿಸಿದ್ದೀರಾ?

ಕೇಳುಗರೆಲ್ಲರಿಗೂ ನಮಸ್ಕಾರ. 30 ವರ್ಷ ಕಾರುಗಳ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಇವತ್ತು ಒಂದೇ ಒಂದು ಮಾತು ಹೇಳಲು ಬಂದಿದ್ದೇನೆ. ನಿಮ್ಮದು ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಅದರ ಚಾಸಿ ನಂಬರನ್ನು ನೀವೇ ಹೋಗಿ ಕಂಪನಿಯವರ ಹತ್ತಿರ ನೋಡಿಸಿ. ಕಾಗದ ಬರುತ್ತದೆ ಅಂತ ಕಾಯಬೇಡಿ. ಬರುವುದಿಲ್ಲ.

ಯಾವ ಕಾಗದ ಅಂತೀರಾ? ಗಾಡಿ ಮಾರಿದ ಮೇಲೆ ಅದರಲ್ಲಿ ಜೀವಕ್ಕೆ ಅಪಾಯ ತರುವ ದೋಷ ಗೊತ್ತಾದರೆ, ಕಂಪನಿಯೇ ವಾಪಸ್ ಕರೆಸಿ ಸರಿಮಾಡಿ ಕೊಡುತ್ತದೆ. ಇದಕ್ಕೆ ರಿಕಾಲ್ ಅನ್ನುತ್ತಾರೆ. ನೀವು ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಇದೇನು ಅಪರೂಪದ ಸಂಗತಿಯಲ್ಲ. 2020ರ ಜುಲೈನಲ್ಲಿ ಮಾರುತಿಯವರು ಫ್ಯುಯೆಲ್ ಪಂಪಿನ ತೊಂದರೆ ಅಂತ 1,34,885 ವ್ಯಾಗನ್‌ಆರ್, ಬಲೆನೋ ಕಾರುಗಳನ್ನು ಕರೆಸಿದರು.

ಕರೆಯುತ್ತಾರೆ, ಸರಿ. ಯಾರನ್ನು? ತಮ್ಮ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರನ್ನು. ಅಲ್ಲೇ ಇರುವುದು ತಾಪತ್ರಯ.

ಒಂದು ಬೆಳ್ಳಿ ಬಣ್ಣದ ಕಾರಿನ ಕಥೆ ಕೇಳಿ. ಪೆಟ್ರೋಲ್ ಪೈಪಿನ ಜಾಯಿಂಟ್ ಸೋರಬಹುದು ಅಂತ ರಿಕಾಲ್ ಆಗಿತ್ತು. ದಾವಣಗೆರೆಯ ಮಾಲೀಕರಿಗೆ ಕಾಗದ ಹೋಯಿತು, ಉತ್ತರವಿಲ್ಲ. ನಾನೇ ಫೋನ್ ಮಾಡಿದೆ. "ಮಾರಿ 4 ವರ್ಷ ಆಯ್ತು ಸಾರ್, ಹರಿಹರದವರಿಗೆ" ಅಂದರು. ಹರಿಹರದವರು ರಾಣೇಬೆನ್ನೂರಿನ ಬ್ರೋಕರ್ ಕೈಗೆ ಕೊಟ್ಟಿದ್ದರು. ಬ್ರೋಕರ್ ನಕ್ಕುಬಿಟ್ಟ. "ಎಷ್ಟೋ ಗಾಡಿ ಬರ್ತಾವೆ ಹೋಗ್ತಾವೆ, ಯಾವುದು ಅಂತ ನೆನಪಿಟ್ಕೊಳ್ಳೋದು ಸಾರ್?" ಬಣ್ಣ ಹೇಳಿದೆ, ಮಾಡೆಲ್ ಹೇಳಿದೆ. ಊಹೂಂ. ಕೊನೆಗೆ ಹರಿಹರದವರು ಹೇಳಿದ್ದು ನೆನಪಾಯಿತು, ಆ ಕಾರಿಗೆ ಸ್ಟೆಪ್ನಿ ಇರಲಿಲ್ಲ. "ಓಹೋ! ಸ್ಟೆಪ್ನಿ ಇಲ್ಲ ಅಂತ ಜಗಳ ಮಾಡಿದ ಶಿರಸಿ ಮೇಷ್ಟ್ರು!"

ಶಿರಸಿಯಲ್ಲಿ ಮೇಷ್ಟ್ರು ಒಬ್ಬರೇ ಇದ್ದಾರೆಯೇ? ಟೈರ್ ಅಂಗಡಿಗಳಿಗೆ ಒಂದೊಂದಾಗಿ ಫೋನ್ ಹಚ್ಚಿದೆ. ಮೂರನೇ ಅಂಗಡಿಯವನಿಗೆ ಗೊತ್ತಿತ್ತು. ಮೇಷ್ಟ್ರು ಸಿಕ್ಕರು. "ನಿಮ್ಮ ಕಾರಿಗೆ ಫ್ರೀಯಾಗಿ ಪೈಪ್ ಹಾಕಿಕೊಡ್ತೀವಿ ಸಾರ್" ಅಂದೆ. ಅವರು ಕೇಳಿದ್ದೇನು ಗೊತ್ತೇ? "ಓಟಿಪಿ ಹೇಳ್ಬೇಕಾ?" ಫೋನ್ ಇಟ್ಟೇಬಿಟ್ಟರು!

ಅಂತೂ ಒಂದು ವಾರ ಕಾಡಿದ ಮೇಲೆ ಬಂದರು. ಬಾಗಿಲು ತೆಗೆದೆ. ಕನ್ನಡಿಗೆ ನಿಂಬೆಹಣ್ಣಿನ ಸೆಂಟಿನ ಡಬ್ಬಿ ತೂಗುತ್ತಿತ್ತು. ಒಂದಲ್ಲ, ಎರಡು. "ಏನೋ ಪೆಟ್ರೋಲ್ ವಾಸನೆ ಬರ್ತಿತ್ತು, ಅದಕ್ಕೆ" ಅಂದರು. ಆ ಕಾರಿನಲ್ಲೇ ದಿನಾ ಮೊಮ್ಮಗಳನ್ನು ಸ್ಕೂಲಿಗೆ ಬಿಡುತ್ತಿದ್ದರಂತೆ. ಪೈಪ್ ಬದಲಾಯಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಹೊರಡುವಾಗ ನನ್ನನ್ನೇ ದಬಾಯಿಸಿದರು, ಮೊದಲೇ ಯಾಕೆ ತಿಳಿಸಲಿಲ್ಲ ಅಂತ. ನಾನು ಮಾತಾಡಲಿಲ್ಲ. ಅವರ ಆರ್‌ಸಿಯನ್ನೇ ಅವರ ಮುಂದಿಟ್ಟೆ. ಹೆಸರು ಇನ್ನೂ ದಾವಣಗೆರೆಯವರದ್ದೇ.

ಕಥೆಗೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಜಪಾನಿನ ಟಕಾಟಾ ಕಂಪನಿಯ ಏರ್‌ಬ್ಯಾಗ್ ಗೊತ್ತಲ್ವಾ? ಚೀಲ ಉಬ್ಬಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇತ್ತು. ವರ್ಷಗಟ್ಟಲೆ ಸೆಕೆ, ತೇವಕ್ಕೆ ಅದು ಹಾಳಾಗಿ, ಸಿಡಿದಾಗ ಆ ಮದ್ದು ತುಂಬಿದ ಲೋಹದ ಡಬ್ಬಿಯೇ ಚೂರಾಗಿ ಮುಖಕ್ಕೆ ಹಾರುತ್ತಿತ್ತು. ಅಮೆರಿಕ ಒಂದರಲ್ಲೇ ಸುಮಾರು 6 ಕೋಟಿ 70 ಲಕ್ಷ ಡಬ್ಬಿಗಳ ರಿಕಾಲ್ ಆಯಿತು. ಹಳೆಯದಾದಷ್ಟೂ ಅಪಾಯ ಜಾಸ್ತಿ. ಅಷ್ಟು ಹೊತ್ತಿಗೆ ಕಾರು ಮೂರನೆಯವರ ಮನೆ ಮುಂದೆ ನಿಂತಿರುತ್ತದೆ, ಕಾಗದ ಮೊದಲನೆಯವರ ಮನೆಯಲ್ಲಿ ರದ್ದಿಗೆ ಬಿದ್ದಿರುತ್ತದೆ. ಅದಕ್ಕೇ ಹೇಳುತ್ತಿರುವುದು, ನೀವೇ ನೋಡಿಸಿ.

ಗಾಡಿ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ಫಾರಂ 29, ಫಾರಂ 30. ಸಹಿ ಹಾಕಿಸಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ಇಟ್ಟರೆ ಆಗಲಿಲ್ಲ, ಕೊಡಬೇಕು! ಪರಿವಾಹನ್ ವೆಬ್‌ಸೈಟಿನಲ್ಲಿ ನಿಮ್ಮ ಮೊಬೈಲ್ ನಂಬರ್ ಹಾಕಿಸಿ, ಬ್ರೋಕರ್‌ದಲ್ಲ. ಆಮೇಲೆ ಚಾಸಿ ನಂಬರ್ ಹಿಡಿದು ನಿಮ್ಮ ಗಾಡಿಗೆ ರಿಕಾಲ್ ಇದೆಯೇ ಅಂತ ಕಂಪನಿಯ ವೆಬ್‌ಸೈಟ್ ನೋಡಿ, ಇಲ್ಲವೇ ಹತ್ತಿರದ ಶೋರೂಮಿಗೆ ಫೋನ್ ಮಾಡಿ.

ಹಾಂ, ಒಂದು ಮರೆತಿದ್ದೆ. ಆ ನಂಬರ್ ಆರ್‌ಸಿಯಲ್ಲೇ ಇರುತ್ತದೆ, ಅಕ್ಷರ ಅಂಕೆ ಸೇರಿ ಒಟ್ಟು 17. ಇಂಗ್ಲಿಷಿನ ಐ, ಓ, ಕ್ಯೂ ಅದರಲ್ಲಿ ಬರುವುದೇ ಇಲ್ಲ. ಓ ತರಹ ಕಂಡರೆ ಅದು ಸೊನ್ನೆ. ನಮ್ಮ ಮೇಷ್ಟ್ರು ಫೋನಿನಲ್ಲಿ ಮೂರು ಸಲವೂ ಓ ಅಂತಲೇ ಓದಿದ್ದರು. ನಮಸ್ಕಾರ.