ಮನೆ ನೋಡಲು ಹೋದಾಗ ಒಂದು ಬಕೆಟ್ ನೀರು ಕೇಳಿ

ಕೇಳುಗರಿಗೆ ನಮಸ್ಕಾರ.

ಕಟ್ಟಿ ಮುಗಿದ ಹೊಸ ಮನೆ ಕೊಳ್ಳುವವರು ಏನೇನು ನೋಡಬೇಕು ಎಂದು ಹೇಳಲು ಆಕಾಶವಾಣಿಯವರು ಕರೆದಿದ್ದಾರೆ. ಹೇಳುವುದು ಬಹಳ ಇದೆ, ಆದರೆ ನನ್ನ ಮುಖ್ಯ ಮಾತು ಒಂದೇ. ಮನೆ ನೋಡಲು ಹೋದಾಗ ಒಂದು ಬಕೆಟ್ ನೀರು ಕೇಳಿ. ಅದನ್ನು ಬಚ್ಚಲಲ್ಲಿ ಸುರುವಿ. ಇನ್ನೊಂದು ಬಕೆಟ್ ತುಂಬಿಕೊಂಡು ಮಾಳಿಗೆ, ಅಂದರೆ ಮನೆಯ ಛಾವಣಿ, ಹತ್ತಿ, ಅಲ್ಲಿಯೂ ಸುರುವಿ. ನೀರು ಎತ್ತ ಹೋಗುತ್ತದೆ ಎಂದು ನಿಂತು ನೋಡಿ. ಅದು ಎಲ್ಲೂ ನಿಲ್ಲದೆ ಹರಿದು ಹೋದರೆ ಮುಂದಿನ ಮಾತು ಆಡಿ. ನಿಂತರೆ, ಇಲ್ಲವೆ ನಿಮ್ಮ ಕಡೆಗೇ ತಿರುಗಿ ಬಂದರೆ, ರೇಟಿನ ಮಾತು ಎತ್ತಲೇಬೇಡಿ.

ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಮಕ್ಕಳ ಶಾಲೆಗಾಗಿ ವಿಜಯಪುರದಲ್ಲಿ ಮನೆ ಹುಡುಕುತ್ತಿರುವವರು ಈಗ ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಮ್ಮ ಕಡೆ ಮನೆ ನೋಡುವ ಪದ್ಧತಿ ನನಗೆ ಚೆನ್ನಾಗಿ ಗೊತ್ತು. ತಲೆಬಾಗಿಲು ಪೂರ್ವಕ್ಕಿದೆಯೋ, ಒಲೆ ಆಗ್ನೇಯಕ್ಕಿದೆಯೋ, ದೇವರ ಜಗಲಿ ಈಶಾನ್ಯಕ್ಕಿದೆಯೋ, ಎಲ್ಲ ವಿಚಾರಿಸುತ್ತೀರಿ. ವಿಚಾರಿಸಿ, ನಾನು ಬೇಡ ಅನ್ನುವುದಿಲ್ಲ. ತೇಗದ ಬಾಗಿಲು ಬಡಿದು ನೋಡುತ್ತೀರಿ, ಗ್ರಾನೈಟ್ ಕಟ್ಟೆ ಸವರಿ ನೋಡುತ್ತೀರಿ, ಪಡಸಾಲೆಯ ಪಿಓಪಿ ದೀಪಗಳನ್ನು ಹಚ್ಚಿಸಿ ನೋಡುತ್ತೀರಿ. ಅಷ್ಟರಲ್ಲಿ ಏಜೆಂಟ್ ಚಹಾ ತರಿಸುತ್ತಾನೆ. ಚಹಾ ಕುಡಿದು ಹೊರಟುಬಿಡುತ್ತೀರಿ. ನಲವತ್ತು ಲಕ್ಷದ ಮನೆಯಲ್ಲಿ ಒಂದು ತಂಬಿಗೆ ನೀರು ಚೆಲ್ಲಿ ನೋಡಲು ಯಾಕೆ ಸಂಕೋಚ ನಿಮಗೆ?

ಒಂದು ಕುಟುಂಬದ ಸಂಗತಿ ಹೇಳುತ್ತೇನೆ. ಗಂಡ ಹೆಂಡತಿ ಇಬ್ಬರೂ ಶಿಕ್ಷಕರು. ಊರ ಹೊರಗೆ ಎರೆಹೊಲ ಎನ್.ಎ., ಅಂದರೆ ಕೃಷಿಯೇತರ ಜಮೀನು, ಆಗಿ ಎದ್ದ ಬಡಾವಣೆಯಲ್ಲಿ, 30-40 ಅಡಿಯ ಪ್ಲಾಟಿನಲ್ಲಿ ಕಟ್ಟಿ ಮಾರಾಟಕ್ಕಿಟ್ಟ ಮನೆ. ಬಸವ ಜಯಂತಿಯ ಆಸುಪಾಸು, ಬಿಸಿಲು ಕಾಯ್ದು ನೆಲ ಕೆಂಡವಾಗಿದ್ದ ದಿನಗಳಲ್ಲಿ ಹೋಗಿ ನೋಡಿದರು. ಜೊತೆಗೆ ಗಂಡನ ತಾಯಿಯೂ ಹೋಗಿದ್ದರು, ಹಳ್ಳಿಯ ಮಾಳಿಗೆ ಮನೆಯಲ್ಲಿ ಬಾಳಿದ ಹಿರಿಯ ಜೀವ. ಮಿರಗದ ಮಳೆ ಕೂಡುವ ಮೊದಲು ಮಾಳಿಗೆ ಹತ್ತಿ, ಮಣ್ಣು ಎಳೆದು, ನೀರು ಬೀಳುವ ದೋಣಿ ಕಟ್ಟಿಕೊಂಡಿಲ್ಲ ತಾನೆ ಎಂದು ವರ್ಷವರ್ಷ ನೋಡಿದವರು. ಆಕೆ ಬಚ್ಚಲ ಬಾಗಿಲಲ್ಲಿ ನಿಂತು, "ಯಪ್ಪಾ, ಒಂದ್ ತಂಬಿಗಿ ನೀರ ಕೊಡು, ಹಾಕಿ ನೋಡೂಣು" ಎಂದರಂತೆ. ಏಜೆಂಟ್, "ಆಯಿ, ನಳಾ ಇನ್ನೂ ಬಿಟ್ಟಿಲ್ರಿ, ಟೈಲ್ಸ್ ಈಗರ ಒರೆಸಿಟ್ಟೀವಿ, ಕಲಿ ಬೀಳ್ತಾವ" ಎಂದ. ಮಗ, "ಅವ್ವಾ, ಸುಮ್ನಿರು" ಎಂದ. ಖರೀದಿ ಆಯಿತು, ವಾಸ್ತುಶಾಂತಿ ಆಯಿತು, ಊಟ ಆಯಿತು.

ಮಳೆಗಾಲ ಶುರುವಾದ ಮೇಲೆ ನನ್ನನ್ನು ಕರೆದರು. ಮಲಗುವ ಕೋಣೆಗೆ ಹೊಂದಿದ ಬಚ್ಚಲು. ಸ್ನಾನ ಮಾಡಿದ ನೀರು ಹೊಸ್ತಿಲು ದಾಟಿ ಮಂಚದ ಕೆಳಗೆ ಬರುತ್ತಿತ್ತು. ಚೌಕಟ್ಟಿನ ಬುಡ ಉಬ್ಬಿ ಕಪ್ಪಾಗಿತ್ತು, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ನಾನು ಲೆವೆಲ್ ಪಟ್ಟಿ ಇಟ್ಟು ನೋಡಿದೆ. ನೀರು ಹೋಗಬೇಕಾದ ಜಾಲಿ ಇಡೀ ನೆಲದಲ್ಲೇ ಎತ್ತರದ ಜಾಗದಲ್ಲಿತ್ತು! ಹೀಗೇಕಾಗುತ್ತದೆ ಗೊತ್ತೆ? ಪ್ಲಂಬರ್ ಮೊದಲು ಬಂದು ಪೈಪು ಇಟ್ಟು ಹೋಗುತ್ತಾನೆ. ಟೈಲ್ಸ್ ಹಾಕುವವನು ತಿಂಗಳ ಮೇಲೆ ಬರುತ್ತಾನೆ. ಪೈಪಿನ ಬಾಯಿ ಎತ್ತರವಾಯಿತೆಂದು ಕಂಡರೂ ಒಡೆಯುವ ಗೋಜಿಗೆ ಹೋಗುವುದಿಲ್ಲ. ಅದರ ಮೇಲೆ ಈಗಿನ 4 ಅಡಿ ಉದ್ದದ ಟೈಲ್ಸ್ ಬೇರೆ. ಇಷ್ಟು ದೊಡ್ಡ ತುಂಡಿಗೆ ನಾಲ್ಕೂ ಕಡೆಯಿಂದ ಜಾಲಿಯತ್ತ ಇಳಿಜಾರು ಕೊಡಲು ಬರುವುದೇ ಇಲ್ಲ. ಬಚ್ಚಲಿಗೆ ಸಣ್ಣ ಟೈಲ್ಸೇ ಸರಿ.

ಮಾಳಿಗೆ ಹತ್ತಿದೆ. ಅಂಗೈ ಮುಳುಗುವಷ್ಟು ನೀರು ಒಂದು ಮೂಲೆಯಲ್ಲಿ ನಿಂತಿತ್ತು. ಇಡೀ ಮಾಳಿಗೆಗೆ ಇದ್ದದ್ದು ಒಂದೇ ಪೈಪು, ಅದೂ ಎದುರು ಮೂಲೆಯಲ್ಲಿ, ಸೋಲಾರ್ ಸ್ಟ್ಯಾಂಡಿನ ಹಿಂದೆ, ಕೈ ಹಾಕಿ ಕಸ ತೆಗೆಯಲೂ ಆಗದ ಹಾಗೆ. ಕೆಳಗೆ ಪಡಸಾಲೆಯ ಪಿಓಪಿ ಮೇಲೆ ಅದೇ ಮೂಲೆಗೆ ಸರಿಯಾಗಿ ಕಂದು ಬಣ್ಣದ ಸುತ್ತು ಮೂಡಿತ್ತು. ಇನ್ನು ಅಂಗಳ. ಮನೆ ಕಟ್ಟುವಾಗ ಎದುರಿಗೆ ಗರಸಿನ, ಅಂದರೆ ಜಲ್ಲಿಮಣ್ಣಿನ, ರಸ್ತೆ. ಆಮೇಲೆ ಅದರ ಮೇಲೆ ಕಾಂಕ್ರೀಟ್ ಬಿತ್ತು, ಗೇಟು ರಸ್ತೆಗಿಂತ ತಗ್ಗಾಯಿತು. ಬೀದಿಯ ನೀರು ಅಂಗಳಕ್ಕಿಳಿದು ಅಡಿಪಾಯದ ಬಗಲಲ್ಲಿ ಇಂಗಿತು. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿತ್ತು, ಒಂದು ರೂಪಾಯಿ ನಾಣ್ಯ ತೂರುವಷ್ಟು.

ಬಚ್ಚಲನ್ನು ಪೂರ್ತಿ ಒಡೆದು ಕಟ್ಟಬೇಕಾಯಿತು. ಪಡಸಾಲೆಯಲ್ಲಿ ಕೂತಿದ್ದ ಆ ತಾಯಿ ನನಗೆ ಹೇಳಿದ್ದು ಇಷ್ಟೇ: "ಒಂದ್ ತಂಬಿಗಿ ನೀರ ಕೇಳಿದ್ನ್ಯಪಾ."

ಈ ಕತೆಗೆ ನನ್ನ ವೇಳೆಯಲ್ಲಿ ಅರ್ಧ ಹೋಯಿತು, ಇರಲಿ. ಈಗ ಅಳತೆ ಬರೆದುಕೊಳ್ಳಿ. 8 ಅಡಿ ಉದ್ದದ ಬಚ್ಚಲಿಗೆ ಬಾಗಿಲಿನಿಂದ ಜಾಲಿಗೆ 1 ಇಂಚು ಇಳಿಜಾರು ಬೇಕು. ಬಚ್ಚಲ ನೆಲ ಕೋಣೆಯ ನೆಲಕ್ಕಿಂತ 1 ಇಂಚು ಕೆಳಗಿರಬೇಕು. 20 ಅಡಿ ಮಾಳಿಗೆಗೆ ಎರಡೂವರೆ ಇಂಚು ಇಳಿಜಾರು, ನೀರಿಗೆ ಎರಡು ಪೈಪು. ಒಂದು ಕಟ್ಟಿಕೊಂಡರೆ ಇನ್ನೊಂದು ಹರಿಯಬೇಕು. ಮನೆಯ ನೆಲ ಸುತ್ತಲಿನ ಭೂಮಿಗಿಂತ ಕನಿಷ್ಠ ಒಂದೂವರೆ ಅಡಿ ಎತ್ತರವಿರಲಿ. ರಸ್ತೆ ಇನ್ನೂ ಗರಸಿನದಿದ್ದರೆ, ನಾಳೆ ಏರುತ್ತದೆ ಎಂದೇ ಲೆಕ್ಕ ಹಿಡಿದು ಇನ್ನಷ್ಟು ಎತ್ತರ ನೋಡಿ.

ವಿಜಯಪುರದವರಿಗೆ ಇದನ್ನು ನಾನು ಹೇಳಬೇಕಾಗಿ ಬಂದದ್ದೇ ನನಗೆ ಸಂಕಟ. ಮುಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ, 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಬರುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರಿನ ಬಲ. ನೀರಿನ ಒತ್ತಡ ತಗ್ಗಿಸಿ ಕೊಳವೆ ಒಡೆಯದಂತೆ ನೋಡಿಕೊಳ್ಳಲು ನಡುನಡುವೆ ಗಂಜ್ ಎನ್ನುವ ಗೋಪುರಗಳನ್ನು ಕಟ್ಟಿದರು. ಹಲವು ಇನ್ನೂ ನಿಂತಿವೆ. ಇಂಥ ಊರಿನಲ್ಲಿ ಸ್ನಾನದ ನೀರು ಮಂಚದ ಕೆಳಗೆ ಬರಬಾರದು.

ಎರೆ ಮಣ್ಣಿನ ಮಾತು ಬಿಡುವ ಹಾಗಿಲ್ಲ. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹೊಲದಲ್ಲಿ ಬೇಸಿಗೆಗೆ ಕಾಲು ಸಿಗುವಂಥ ಬಿರುಕು ನೋಡಿಲ್ಲವೆ? ಮನೆಯ ಕೆಳಗೂ ಅದೇ ಮಣ್ಣು. ಅಡಿಪಾಯ ಎರೆಯನ್ನು ದಾಟಿ ಗಟ್ಟಿ ಗರಸಿಗೆ ಮುಟ್ಟಿದೆಯೋ ಇಲ್ಲವೋ ಕೇಳಿ. ಪಾಯ ತೋಡಿದಾಗಿನ ಫೋಟೋ ಕೇಳಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ತೋರಿಸಲಿ. ಮನೆಯ ಸುತ್ತ ಮೂರು ಅಡಿ ಅಗಲ, ಹೊರಗೆ ಇಳಿಜಾರಾಗಿ ಕಾಂಕ್ರೀಟ್ ಪಟ್ಟಿ ಇರಬೇಕು. ಸಂಪು ಸೋರಬಾರದು. ಗೋಡೆಗೆ ತಾಗಿ ಬಾಳೆಗಿಡ ಹಚ್ಚಿ ದಿನಾ ನೀರು ಬಿಡುವ ಅಭ್ಯಾಸವೂ ಬೇಡ. ಎಲ್ಲ ಮತ್ತೆ ನೀರಿಗೇ ಬಂತು ನೋಡಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪಶ್ಚಿಮಕ್ಕಿರುವ ಮಲಗುವ ಕೋಣೆಯನ್ನು ಬೆಳಗ್ಗೆ ನೋಡಬೇಡಿ, ಸಂಜೆ ನಾಲ್ಕಕ್ಕೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡಿ. 10-12 ಅಡಿಯ ಕೋಣೆಗೆ 12 ಚದರಡಿ ಕಿಟಕಿ, ಅಂದರೆ 3-4 ಅಡಿಯದ್ದು, ಬೇಕೇ ಬೇಕು. ಪಕ್ಕದ ಪ್ಲಾಟು ಖಾಲಿ ಇದ್ದರೆ ಅದರಿಂದ ಬರುವ ಗಾಳಿಯನ್ನು ನಂಬಬೇಡಿ, ನಾಳೆ ಅಲ್ಲಿ ಗೋಡೆ ಏಳುತ್ತದೆ. ಪಾವಟಿಗೆ, ಅಂದರೆ ಮೆಟ್ಟಿಲು, ಏಳೂವರೆ ಇಂಚಿಗಿಂತ ಎತ್ತರವಿರಬಾರದು. ಟೇಪು ಹಿಡಿದು ಮೊದಲಿನದು ಮತ್ತು ಕೊನೆಯದನ್ನು ಅಳೆಯಿರಿ, ತಪ್ಪು ಅಲ್ಲೇ ಇರುತ್ತದೆ. ಬೆಳಗಾವಿಯ ಕೇಳುಗರೇ, ನಿಮ್ಮಲ್ಲಿ ಮಳೆ ಗಾಳಿಯೊಂದಿಗೆ ಪಶ್ಚಿಮದಿಂದ ಹೊಡೆಯುತ್ತದೆ. ಆ ಕಡೆಯ ಕಿಟಕಿಗಳ ಮೇಲೆ ಅಗಲವಾದ ಸಜ್ಜಾ ಬೇಕು, ಸಜ್ಜಾದ ಕೆಳ ಅಂಚಿನಲ್ಲಿ ನೀರು ಕಡಿದು ಬೀಳುವಂತೆ ಒಂದು ಗೀರು ಬೇಕು. ಬಾಗಿಲು ತೆರೆದರೆ ಸ್ವಿಚ್ ಬೋರ್ಡು ಹಿಂದೆ ಸಿಕ್ಕಿಕೊಳ್ಳುತ್ತದೆಯೋ ನೋಡಿ. ಫ್ರಿಜ್ ಎಲ್ಲಿಡುತ್ತೀರಿ, ಬಟ್ಟೆ ಎಲ್ಲಿ ಒಣಹಾಕುತ್ತೀರಿ ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಅವರನ್ನು ಬಿಟ್ಟು ಮನೆ ನೋಡಲು ಹೋಗಲೇಬೇಡಿ.

ಕೊನೆಗೆ ಕಾಗದಪತ್ರ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ, ಕಾಯ್ದೆಯ 14ನೇ ಕಲಮಿನ ಪ್ರಕಾರ, ಮನೆ ಸ್ವಾಧೀನಕ್ಕೆ ಬಂದು 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಕಟ್ಟಿದವರು 30 ದಿನದಲ್ಲಿ ತಮ್ಮ ಖರ್ಚಿನಿಂದ ಸರಿಮಾಡಿಕೊಡಬೇಕು. ಆದರೆ 500 ಚದರ ಮೀಟರಿಗಿಂತ ಚಿಕ್ಕ ಜಾಗದ ಬಿಡಿ ಮನೆಗೆ ರೇರಾ ನೋಂದಣಿ ಬೇಕಿಲ್ಲ, ನಮ್ಮೂರಿನ 30-40 ಅಡಿ ಪ್ಲಾಟಿನ ಮನೆಗಳು ಅದರಲ್ಲೇ ಬರುತ್ತವೆ. ಆದ್ದರಿಂದ ಸಂಚಕಾರ ಪತ್ರದಲ್ಲೇ ಬರೆಸಿ: ಬಚ್ಚಲಲ್ಲಿ, ಮಾಳಿಗೆಯಲ್ಲಿ ನೀರು ಸುರುವಿ ನೋಡುವುದು, ಮಾಳಿಗೆಯ ಪೈಪುಗಳಿಗೆ ಬಿರಡೆ ಹಾಕಿ ಎರಡು ದಿನ ನೀರು ಕಟ್ಟಿ ಸೋರಿಕೆ ನೋಡುವುದು, ಎರಡೂ ಸರಿಬಂದ ಮೇಲೆಯೇ ಬಾಕಿ ಹಣ. ಈ ಮಾತಿಗೆ ಒಪ್ಪದವರ ಮನೆ ನೋಡಲು ಎರಡನೇ ಸಲ ಹೋಗಬೇಡಿ. ನಮಸ್ಕಾರ.