ಸೀಲಿಂಗ್‌ನಲ್ಲಿ ತೂತು, ಡ್ರೈವಾಲ್ ಕೆಲಸದವರ ಹುಡುಕಾಟ

ನಮಸ್ಕಾರ. ಇದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯ ಹಾಲ್. ತಲೆ ಎತ್ತಿ ನೋಡಿದರೆ ಸೀಲಿಂಗ್‌ನಲ್ಲಿ ಚೌಕಾಕಾರದ ತೂತು. ಮೇಲಿನ ಬಾತ್‌ರೂಮಿನ ಪೈಪ್ ಸೋರುತ್ತಿತ್ತು. ಪ್ಲಂಬರ್ ಬಂದರು, ಸೀಲಿಂಗ್ ಕೊಯ್ದರು, ಪೈಪ್ ಸರಿ ಮಾಡಿ ಬಿಲ್ ಕೊಟ್ಟು ಹೊರಟರು. ತೂತು ಮುಚ್ಚುವುದು ಅವರ ಕೆಲಸ ಅಲ್ಲವಂತೆ. ಇಲ್ಲಿ ಇದು ಮಾಮೂಲಿ.

ಊರಿಂದ ವಿಡಿಯೋ ಕಾಲ್‌ನಲ್ಲಿ ನೋಡಿದ ಅಪ್ಪ, "ಇಷ್ಟೇ ತೆಳ್ಳಗಿದೆಯೇನೋ? ಒಂದು ಗುದ್ದು ಕೊಟ್ಟರೆ ಕೈ ಆಚೆ ಹೋಗುತ್ತಲ್ಲೋ!" ಅಂದರು. ಸುಳ್ಳೇನಲ್ಲ.

ಕೊಯ್ದ ತುಂಡಿನ ಅಂಚು ನೋಡಿ. ಮಧ್ಯೆ ಬಿಳಿ ಜಿಪ್ಸಮ್, ಎರಡೂ ಕಡೆ ಕಾಗದ, ಒಟ್ಟು ಅರ್ಧ ಇಂಚು. ನೀರು ಕುಡಿದ ಕಡೆ ಕಾಗದ ಸುಲಿದು ಬರುತ್ತಿದೆ, ಉಗುರು ಒತ್ತಿದರೆ ಒಳಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಫಾಲ್ಸ್ ಸೀಲಿಂಗ್‌ಗೆ ಹಾಕುತ್ತಾರಲ್ಲ, ಅದೇ ಜಾತಿಯ ಬೋರ್ಡ್, ಇಲ್ಲಿ ಡ್ರೈವಾಲ್ ಅಂತಾರೆ. ಇಲ್ಲಿ ಮನೆಯ ಒಳಗೋಡೆಗಳೂ ಇದರದ್ದೇ. ತೆಳ್ಳಗಿದೆ ಅಂತ ತೀರಾ ಹಗುರವಾಗಿ ಕಾಣಬೇಡಿ. ಜಿಪ್ಸಮ್‌ನ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ನೀರೇ ಇರುತ್ತದೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗುತ್ತಾ ಬಿಸಿಯನ್ನು ತಡೆಯುತ್ತದೆ. ಮೇಲೆ ರೂಮಿರುವ ಗ್ಯಾರೇಜಿನ ಸೀಲಿಂಗ್‌ಗೆ 5/8 ಇಂಚಿನ, ಬೆಂಕಿಯನ್ನು ಹೆಚ್ಚು ಹೊತ್ತು ತಡೆಯುವ ಟೈಪ್ ಎಕ್ಸ್ ಬೋರ್ಡ್ ಹಾಕುವುದು ಅದಕ್ಕೇ.

ಬೋರ್ಡ್ ಕೂರಿಸುವುದು ದೊಡ್ಡ ವಿದ್ಯೆಯಲ್ಲ. ಗೋಡೆಯೊಳಗೆ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಕಂಬ ಇರುತ್ತದೆ, ಸ್ಟಡ್ ಅಂತಾರೆ. 4 ಅಡಿ ಅಗಲ, 8 ಅಡಿ ಉದ್ದದ ಶೀಟನ್ನು ಅದಕ್ಕೆ ಸ್ಕ್ರೂ ಹೊಡೆದು ಕೂರಿಸುತ್ತಾರೆ. ಸ್ಕ್ರೂ ತಲೆ ಸ್ವಲ್ಪ ಒಳಗಿಳಿಯಬೇಕು, ಆದರೆ ಕಾಗದ ಹರಿಯಬಾರದು. ಹರಿದರೆ ಆ ಸ್ಕ್ರೂ ಹಿಡಿಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹೊಡೆಯಬೇಕು.

ನಾವು ದುಡ್ಡು ಕೊಡುವುದು ಅದರ ಮುಂದಿನ ಕೆಲಸಕ್ಕೆ. ಎರಡು ಬೋರ್ಡ್ ಸೇರುವ ಸಂದಿಗೆ ಟೇಪ್ ಅಂಟಿಸಿ ಮಡ್ ಬಳಿಯುತ್ತಾರೆ. ನಮ್ಮ ಪುಟ್ಟಿಯ ತರಹದ್ದೇ, ಗಟ್ಟಿ ಮೊಸರಿನ ಹದ. ಮೊದಲ ಕೋಟ್ 6 ಇಂಚಿನ ಪಟ್ಟಿಯಲ್ಲಿ, ಆಮೇಲೆ 10, ಕೊನೆಗೆ 12. ಪ್ರತಿ ಸಲ ಇನ್ನಷ್ಟು ಅಗಲ, ಇನ್ನಷ್ಟು ತೆಳ್ಳಗೆ. ಉಬ್ಬು ಪೂರ್ತಿ ಹೋಗುವುದಿಲ್ಲ, ಕಣ್ಣಿಗೆ ಕಾಣದಷ್ಟು ದೂರಕ್ಕೆ ಹರಡಿಕೊಳ್ಳುತ್ತದೆ, ಅಷ್ಟೇ. ಡಬ್ಬಿಯಲ್ಲಿ ಕಲಸಿ ಬರುವ ಮಡ್ ಒಂದೊಂದು ಕೋಟ್ ಒಣಗಲು ಸುಮಾರು ಒಂದು ದಿನ ಬೇಕು. ಪುಡಿಯಲ್ಲಿ ಬರುವುದು 20 ನಿಮಿಷ, 45 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಹಾಗಾಗಿ "ಒಂದೇ ದಿನದಲ್ಲಿ ಮುಗಿಸ್ತೀವಿ" ಅಂದವರೆಲ್ಲ ಸುಳ್ಳು ಹೇಳುತ್ತಿಲ್ಲ. ಯಾವ ಮಡ್, ಎಷ್ಟು ಕೋಟ್ ಅಂತ ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿಕೊಳ್ಳಿ.

ನಮ್ಮಲ್ಲಿಗೆ ಬಂದ ಒಬ್ಬರು ತೂತನ್ನು ಸರಿಯಾಗಿ ನೋಡಲೂ ಇಲ್ಲ, ಅರ್ಧ ದುಡ್ಡು ಮುಂಗಡ ಕೊಡಿ ಅಂದರು. ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಪೇರಿಗೆ ಒಟ್ಟು ಮೊತ್ತದ 10% ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಮುಂಗಡ ಕೇಳುವ ಹಾಗಿಲ್ಲ. ಕೈಮುಗಿದು ಕಳಿಸಿದೆವು. ಡ್ರೈವಾಲ್‌ಗೆ ಇಲ್ಲಿ ಸಿ-9 ಅನ್ನುವ ಲೈಸೆನ್ಸ್ ಇದೆ. ರಾಜ್ಯದ ಕಾಂಟ್ರಾಕ್ಟರ್ ಲೈಸೆನ್ಸ್ ಬೋರ್ಡಿನ ವೆಬ್‌ಸೈಟಿನಲ್ಲಿ ನಂಬರ್ ಹಾಕಿದರೆ ಅದು ಚಾಲ್ತಿಯಲ್ಲಿದೆಯೋ ಇಲ್ಲವೋ, ಕೆಲಸಗಾರರ ವಿಮೆ ಇದೆಯೋ ಎಲ್ಲ ಗೊತ್ತಾಗುತ್ತದೆ. 2025ರಿಂದ 1,000 ಡಾಲರ್‌ಗಿಂತ ಕಡಿಮೆಯ, ಪರ್ಮಿಟ್ ಬೇಡದ, ಆಳು ಇಟ್ಟುಕೊಳ್ಳದೆ ಒಬ್ಬರೇ ಮಾಡುವ ಸಣ್ಣ ಕೆಲಸಕ್ಕೆ ಲೈಸೆನ್ಸ್ ಬೇಕಿಲ್ಲ. ಇದು ಈ ರಾಜ್ಯದ ಲೆಕ್ಕ. ಟೆಕ್ಸಾಸ್‌ನಲ್ಲಿರುವವರಿಗೆ ಡ್ರೈವಾಲ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ, ಅಲ್ಲಿ ಹಳೆಯ ಗಿರಾಕಿಗಳನ್ನು ವಿಚಾರಿಸುವುದೇ ದಾರಿ.

ಇನ್ನು ಟೆಕ್ಸ್ಚರ್. ನಮ್ಮ ಸೀಲಿಂಗ್ ನುಣ್ಣಗಿಲ್ಲ, ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಉಬ್ಬುಗಳಿವೆ. ತೇಪೆ ಎಷ್ಟೇ ಸಮವಾಗಿದ್ದರೂ ಈ ಉಬ್ಬು ಹೊಂದದಿದ್ದರೆ ಬಂದವರ ಕಣ್ಣು ಸೀದಾ ಅಲ್ಲಿಗೇ ಹೋಗುತ್ತದೆ. ನಾವು ಆರಿಸಿಕೊಂಡವರು ಮೊದಲು ರಟ್ಟಿನ ಮೇಲೆ ಸ್ಪ್ರೇ ಮಾಡಿ, ಸೀಲಿಂಗ್ ಪಕ್ಕ ಹಿಡಿದು ತೋರಿಸಿದರು. ಕೇಳದೆಯೇ! ಅವರ ರೇಟ್ ಸ್ವಲ್ಪ ಜಾಸ್ತಿಯೇ ಇತ್ತು, ಆದರೆ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಹಳೆಯ ಮನೆಯಲ್ಲಿರುವವರು ಒಂದು ವಿಷಯ ಗಮನಿಸಿ. ಅಮೆರಿಕದಲ್ಲಿ ಮಡ್‌ನಲ್ಲಿ ಆಸ್ಬೆಸ್ಟಾಸ್ (ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ) ಬಳಸುವುದಕ್ಕೆ ನಿಷೇಧ ಬಂದಿದ್ದು 1977ರಲ್ಲಿ. ಅದಕ್ಕಿಂತ ಹಿಂದಿನ ಮನೆಯಾದರೆ, ಗೋಡೆ ಕೊಯ್ಯುವ, ಉಜ್ಜುವ ಮುಂಚೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಬಾಗಿಲ ಹಿಡಿ ಬಡಿದು ಆಗುವಂಥ ಸಣ್ಣ ತೂತಿಗೆ ಯಾರನ್ನೂ ಕರೆಯಬೇಕಿಲ್ಲ. ಕ್ಯಾಲಿಫೋರ್ನಿಯಾ ಪ್ಯಾಚ್ ಅಂತ ಒಂದು ಉಪಾಯ ಇದೆ. ತೂತಿಗಿಂತ ಸುತ್ತಲೂ ಒಂದೆರಡು ಇಂಚು ದೊಡ್ಡ ತುಂಡು ತೆಗೆದುಕೊಳ್ಳಿ. ಹಿಂದಿನಿಂದ ಗೀರಿ, ಅಂಚಿನ ಜಿಪ್ಸಮ್ ಮುರಿದು ತೆಗೆಯಿರಿ. ಮುಂದಿನ ಕಾಗದ ಮಾತ್ರ ಅಂಚಿನಂತೆ ಉಳಿಯಬೇಕು. ಮಧ್ಯದ ಗಟ್ಟಿ ಭಾಗ ತೂತಿನೊಳಗೆ ಕೂರುತ್ತದೆ, ಕಾಗದದ ಅಂಚೇ ಟೇಪ್ ಆಗುತ್ತದೆ. ಕೆಳಗೆ ಮಡ್, ಮೇಲೆ ಮಡ್. ಚೆನ್ನಾಗಿದೆ ಅಲ್ವಾ?

ಕೊನೆಯ ಕಂತು ಕೊಡುವ ಮುಂಚೆ ಕತ್ತಲಲ್ಲಿ ಟಾರ್ಚನ್ನು ಸೀಲಿಂಗ್‌ಗೆ ಓರೆಯಾಗಿ ಹಿಡಿದು ನೋಡಿ, ಹಗಲು ಕಾಣದ ಗೆರೆಯೆಲ್ಲ ಎದ್ದು ಕಾಣುತ್ತದೆ. ನಮ್ಮದರಲ್ಲಿ ಒಂದು ಮೂಲೆ ಸಿಕ್ಕಿತು, ಅಲ್ಲೇ ಉಜ್ಜಿ ಸರಿ ಮಾಡಿಕೊಟ್ಟರು. ಬಣ್ಣ ನಾವೇ ಹೊಡೆಯುತ್ತೇವೆ, ಆದರೆ ಪ್ರೈಮರ್ ಆದ ಮೇಲೆ. ಬರೀ ಮಡ್ ಮೇಲೆ ಹಚ್ಚಿದರೆ ಬಣ್ಣ ಹೀರಿಕೊಂಡು ಅಷ್ಟು ಜಾಗ ಮಾತ್ರ ಮಂಕಾಗಿ ಕಾಣುತ್ತದೆ.