ಇಂಜಿನಿಯರಿಂಗ್ ಕ್ಯಾಂಪಸ್‌ನಿಂದ ಹೈಸ್ಕೂಲಿಗೆ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ.

ಹೈಸ್ಕೂಲ್ ಮೇಷ್ಟ್ರಾಗುವ ದಾರಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮೊದಲು ಡಿಗ್ರಿ, ಆಮೇಲೆ ಎರಡು ವರ್ಷದ ಬಿ.ಎಡ್., ಆಮೇಲೆ ನೇಮಕಾತಿಗೆ ಕಾಯುವುದು. ಈಗ ಇನ್ನೊಂದು ದಾರಿ ತೆರೆದಿದೆ. ಇಂಜಿನಿಯರುಗಳನ್ನು ತಯಾರು ಮಾಡುವ ದೊಡ್ಡ ಸಂಸ್ಥೆಗಳೇ ಮೇಷ್ಟ್ರುಗಳನ್ನೂ ತಯಾರು ಮಾಡಲು ಶುರು ಮಾಡಿವೆ. ಈ ವಿಷಯ ಕೊಡಗಿನ ಮನೆಮನೆಗೂ ತಲುಪಬೇಕು ಅಂತ ನನ್ನ ಆಸೆ.

2030ರ ಹೊತ್ತಿಗೆ ಶಾಲೆಯಲ್ಲಿ ಪಾಠ ಮಾಡುವವರಿಗೆ ನಾಲ್ಕು ವರ್ಷದ ಇಂಟಿಗ್ರೇಟೆಡ್ ಬಿ.ಎಡ್. ಕನಿಷ್ಠ ಅರ್ಹತೆ ಆಗಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅದರಂತೆ 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಐಟೆಪ್ ಎಂಬ ಈ ನಾಲ್ಕು ವರ್ಷದ ಕೋರ್ಸ್ ಶುರುವಾಯಿತು. ಆ ಪಟ್ಟಿಯಲ್ಲಿ ಕೆಲವು ಐಐಟಿ, ಎನ್‌ಐಟಿಗಳೂ ಇದ್ದವು. ನಮಗೆ ಹತ್ತಿರದ್ದು ಕ್ಯಾಲಿಕಟ್‌ನ ಎನ್‌ಐಟಿ. ಕುಟ್ಟ ದಾಟಿ, ಮಾನಂದವಾಡಿ ಮೇಲೆ ಹೋಗಿ, ವಯನಾಡಿನ ಘಾಟ್ ಇಳಿದರೆ ಸಿಗುತ್ತದೆ. 1961ರಿಂದ ಇಂಜಿನಿಯರುಗಳನ್ನು ಕಳಿಸುತ್ತಾ ಬಂದ ಜಾಗ ಅದು. ಈಗ ಅಲ್ಲಿ ಬಿ.ಎಸ್ಸಿ. ಮತ್ತು ಬಿ.ಎಡ್. ಒಟ್ಟಿಗೇ ಓದಬಹುದು.

ನಾಲ್ಕು ವರ್ಷದ ಕೋರ್ಸ್ ನಮಗೆ ಹೊಸದೇನಲ್ಲ. ಇಂಥ ಕೋರ್ಸಿಗೆ ಹೆಸರಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲೇ ಶುರುವಾಯಿತು. ಕೊಡಗಿನ ಎಷ್ಟೋ ಮಕ್ಕಳಿಗೆ ಆ ಕ್ಯಾಂಪಸ್ ಪರಿಚಯ ಇದೆ. ಸಿಂಗಾಪುರದಲ್ಲಂತೂ ಮೇಷ್ಟ್ರುಗಳ ತರಬೇತಿ ಸಂಸ್ಥೆ 1991ರಿಂದ ನಾನ್ಯಾಂಗ್ ಟೆಕ್ನಾಲಜಿಕಲ್ ವಿಶ್ವವಿದ್ಯಾಲಯದ ಒಳಗೇ ಇದೆ.

ಇಂಜಿನಿಯರಿಂಗ್ ಕ್ಯಾಂಪಸ್‌ನಲ್ಲಿ ಓದಿದ ಮೇಷ್ಟ್ರು ಅಂದ ಕೂಡಲೇ ಹಲವರಿಗೆ ಟ್ಯಾಬ್, ಸ್ಮಾರ್ಟ್ ಬೋರ್ಡ್ ನೆನಪಾಗುತ್ತದೆ. ಅವು ಇರಲಿ, ಬೇಡ ಅನ್ನುವುದಿಲ್ಲ. ಆದರೆ ಜುಲೈಯಲ್ಲಿ ಭಾಗಮಂಡಲದ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗುತ್ತದಾ? ಸ್ಮಾರ್ಟ್ ಬೋರ್ಡ್ ಕಪ್ಪಾಗಿರುವಾಗಲೂ ಪಾಠ ನಡೆಯಬೇಕು. ಆ ಕ್ಯಾಂಪಸ್‌ನಿಂದ ನಮಗೆ ಬೇಕಾದದ್ದು ಬೇರೆ. ಕೈಯಾರೆ ಅಳೆಯುವುದು, ಉತ್ತರ ಪುಸ್ತಕಕ್ಕೆ ಹೊಂದದಿದ್ದರೆ ಮತ್ತೆ ಅಳೆಯುವುದು, ಯಾಕೆ ಹೊಂದಲಿಲ್ಲ ಅಂತ ಬಿಡದೆ ಕೇಳುವುದು. ಈ ಅಭ್ಯಾಸ ಒಳ್ಳೆಯ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಬರುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಶಾಲೆಯಲ್ಲಿ ಥರ್ಮಾಮೀಟರ್ ಇಟ್ಟು ನೀರು ಕುದಿಸಿದರೆ ಪಾದರಸ ಸುಮಾರು 96ಕ್ಕೆ ನಿಲ್ಲುತ್ತದೆ. ಆಗ ಮೇಷ್ಟ್ರು ಏನು ಮಾಡಬೇಕು? ಥರ್ಮಾಮೀಟರ್ ಸರಿಯಿಲ್ಲ ಅಂತ ಹೇಳಿ ರೆಕಾರ್ಡ್ ಪುಸ್ತಕದಲ್ಲಿ 100 ಅಂತ ಬರೆಸಿದರೆ ಪಾಠ ಅಲ್ಲೇ ಸತ್ತುಹೋಯಿತು. ಇನ್ನೊಂದು ಥರ್ಮಾಮೀಟರ್ ತಂದು ಮತ್ತೆ ನೋಡಿದರೆ, ಎರಡೂ 96 ತೋರಿಸಿದರೆ, ಮಕ್ಕಳೇ ಯಾಕೆ ಅಂತ ಕೇಳುತ್ತಾರೆ. ಗಾಳಿಯ ಒತ್ತಡದ ಪಾಠ ಅಲ್ಲಿಂದ ತಾನಾಗಿಯೇ ಶುರುವಾಗುತ್ತದೆ. ಕ್ಯಾಲಿಕಟ್‌ನ ಲ್ಯಾಬ್‌ನಲ್ಲಿ 100ರ ಹತ್ತಿರ ನೋಡಿ ಬಂದ ನಮ್ಮ ಹುಡುಗಿಯೊಬ್ಬಳು ಮಡಿಕೇರಿಯಲ್ಲಿ ಈ ಪಾಠ ಮಾಡಿದರೆ ಎಷ್ಟು ಚೆನ್ನ, ಅಲ್ವಾ?

ಗಣಿತಕ್ಕೂ ಸಾಮಗ್ರಿ ಇಲ್ಲೇ ಇದೆ. ನಮ್ಮ ತೋಟಗಳಲ್ಲಿ ಮಳೆ ಅಳೆದು ಇಂಚಿನಲ್ಲಿ ಬರೆದಿಡುತ್ತಾರೆ. ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ನೀರು? ಒಂದು ಲಕ್ಷ ಲೀಟರಿಗೂ ಜಾಸ್ತಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಮನೆಯ ಹುಡುಗ ಈ ಲೆಕ್ಕವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಆದರೆ ವಿಷಯ ಗೊತ್ತಿದ್ದ ಮಾತ್ರಕ್ಕೆ ಪಾಠ ಬರುವುದಿಲ್ಲ. ಇಂಥ ಸಂಸ್ಥೆಗಳು ಎಡವುವುದಾದರೆ ಇಲ್ಲೇ ಎಡವುತ್ತವೆ ಅಂತ ನನಗೆ ಅನ್ನಿಸುತ್ತದೆ. ಒಂದು ಬ್ಯಾಟರಿ, ಒಂದರ ಹಿಂದೆ ಒಂದರಂತೆ ಒಂದೇ ತರದ ಎರಡು ಬಲ್ಬ್. ಯಾವುದು ಹೆಚ್ಚು ಉರಿಯುತ್ತದೆ ಅಂತ ಹತ್ತನೇ ತರಗತಿಯಲ್ಲಿ ಕೇಳಿ. ಮೊದಲನೆಯದು ಅನ್ನುವ ಮಕ್ಕಳು ಬೇಕಾದಷ್ಟು. ಮೊದಲ ಬಲ್ಬ್ ಸ್ವಲ್ಪ ಕರೆಂಟ್ ತಿಂದುಬಿಡುತ್ತದೆ, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಅಂತ ಅವರ ಲೆಕ್ಕ. ತೋಟದ ಪೈಪಿನಲ್ಲಿ ಮೇಲಿನ ಲೈನ್ ಮನೆಯವರು ನೀರು ಹಿಡಿದರೆ ಕೆಳಗಿನ ಮನೆಗೆ ಕಡಿಮೆ ಬರುತ್ತದಲ್ಲ, ಹಾಗೆ. ನಿಜಕ್ಕೆ ಎರಡೂ ಸಮನಾಗಿ ಉರಿಯುತ್ತವೆ. ಮಗು ದಡ್ಡತನದಿಂದ ಹಾಗೆ ಹೇಳಿದ್ದಲ್ಲ, ಯೋಚನೆ ಮಾಡಿಯೇ ಹೇಳಿದ್ದು. ಸೂತ್ರ ಹಾಕಿ ಕ್ಷಣದಲ್ಲಿ ಲೆಕ್ಕ ಬಿಡಿಸುವ ಜಾಣನಿಗೆ ಈ ಯೋಚನೆ ಹೊಳೆಯುವುದೇ ಇಲ್ಲ. ಮಕ್ಕಳು ಎಲ್ಲಿ, ಯಾಕೆ ತಪ್ಪುತ್ತಾರೆ ಅನ್ನುವ ತಿಳಿವಳಿಕೆಯೂ ಮೇಷ್ಟ್ರ ವಿದ್ಯೆಯೇ. 1986ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ ಇದನ್ನೇ ಗಟ್ಟಿಯಾಗಿ ವಾದಿಸಿದರು.

ಈ ತಿಳಿವಳಿಕೆ ಶಾಲೆಯಲ್ಲೇ ಸಿಗಬೇಕು. ಅದೂ ಮೊದಲ ವರ್ಷದಿಂದಲೇ. ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯ 1997ರಲ್ಲಿ ಯುಟೀಚ್ ಅನ್ನುವ ಕೋರ್ಸ್ ಶುರು ಮಾಡಿತು. ಅಲ್ಲಿ ವಿಜ್ಞಾನ ಓದುವ ಹುಡುಗರು ಶುರುವಿನಲ್ಲೇ ಪ್ರೈಮರಿ ಶಾಲೆಗೆ ಹೋಗಿ, ಅನುಭವಿ ಟೀಚರ್ ಎದುರಿಗೇ ಪಾಠ ಮಾಡುತ್ತಾರೆ. ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಅನ್ನುವುದು ಆಗಲೇ ಗೊತ್ತಾಗುತ್ತದೆ. ಕೊನೆಯ ವರ್ಷ ಒಂದಿಷ್ಟು ವಾರ ಶಾಲೆಗೆ ಕಳಿಸಿ ಕೈ ತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಇನ್ನೊಂದು ಮಾತು, ಭಾಷೆಯದ್ದು. ನಮ್ಮ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ಯರವ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಪಾಠ ಕನ್ನಡದಲ್ಲಿ. ನಾಲ್ಕು ವರ್ಷ ಇಂಗ್ಲಿಷ್‌ನಲ್ಲೇ ಓದಿ ಬಂದವರು ಕನ್ನಡದಲ್ಲಿ ವಿವರಿಸಲು ತಡವರಿಸಿದರೆ ಆ ಓದಿನ ಲಾಭ ಆದಿವಾಸಿ ಹಾಡಿಯ ಮಗುವಿಗೆ ದಕ್ಕುವುದಿಲ್ಲ. ಅದಕ್ಕೇ ನಮ್ಮ ಜಿಲ್ಲೆಯ ಹುಡುಗರು ಎಲ್ಲೇ ಓದಲಿ, ಪಾಠದ ಅಭ್ಯಾಸಕ್ಕೆ ಇಲ್ಲಿನ ಸರ್ಕಾರಿ ಹೈಸ್ಕೂಲಿಗೆ ಬರುವಂತಾಗಬೇಕು.

ಜಿಲ್ಲೆಯ ಒಳಗೂ ಮಾಡಬಹುದಾದದ್ದು ಇದೆ. ಕುಶಾಲನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಪೊನ್ನಂಪೇಟೆಯಲ್ಲೂ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿನ ಲ್ಯಾಬ್‌ಗಳಿಗೆ ಶನಿವಾರ ಮಧ್ಯಾಹ್ನ ಬಿ.ಎಡ್. ಓದುವವರನ್ನೂ ಹೈಸ್ಕೂಲ್ ವಿಜ್ಞಾನ ಶಿಕ್ಷಕರನ್ನೂ ಕರೆದರೆ ಹೊಸ ಕಟ್ಟಡ ಬೇಕಿಲ್ಲ. ಮಲ್ಟಿಮೀಟರ್ ಹಿಡಿಯುವುದು, ಕೆಟ್ಟ ಉಪಕರಣ ಬಿಚ್ಚಿ ರಿಪೇರಿ ಮಾಡುವುದು, ಕಡಿಮೆ ಖರ್ಚಿನಲ್ಲಿ ಮಳೆಮಾಪಕ ಮಾಡುವುದು, ಇಷ್ಟರಿಂದ ಶುರು ಮಾಡಬಹುದು. ಕಾಲೇಜಿನವರು, ಶಿಕ್ಷಣ ಇಲಾಖೆಯವರು ದಯವಿಟ್ಟು ಒಮ್ಮೆ ಕೂತು ಮಾತಾಡಬೇಕು.

ಪಿಯುಸಿಯಲ್ಲಿ ಸೈನ್ಸ್ ಓದುತ್ತಿರುವ ಮಕ್ಕಳೇ, ಐಟೆಪ್‌ಗೆ ಸೇರಲು ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತದೆ, ಕನ್ನಡದಲ್ಲೂ ಬರೆಯಬಹುದು. ಸಿಇಟಿ, ನೀಟ್ ಅರ್ಜಿ ಹಾಕುವಾಗ ಇದರ ದಿನಾಂಕವನ್ನೂ ನೋಡಿಕೊಳ್ಳಿ. ತಂದೆ ತಾಯಂದಿರೇ, ಮೇಷ್ಟ್ರಾಗುತ್ತೇನೆ ಅಂತ ಮಗಳು ಹೇಳಿದರೆ ಬೇರೇನೂ ಸಿಗಲಿಲ್ವಾ ಅಂತ ಕೇಳಬೇಡಿ. ಅರ್ಜಿ ತುಂಬಲು ಜೊತೆಗೆ ಕೂತುಕೊಳ್ಳಿ.

ನಮಸ್ಕಾರ.